ಟ್ಯಾಗ್ ಬರೆದರೆ ಸಾಕೇ?
ನೋಯ್ಡಾದ ಸೆಕ್ಟರ್ 62ರಂಥ ಕಡೆ ಕೂತು ಹಳೆಯ ವೆಬ್ ಸರ್ವಿಸ್‌ಗಳನ್ನು ಸಾಕುತ್ತಿರುವವರಿಗೆ ಸರ್ವಿಸ್ ತನ್ನ ನಿಯಮಗಳನ್ನು ಎಕ್ಸ್‌ಎಂಎಲ್‌ನಲ್ಲಿ ಸಾರುವ ಡಬ್ಲ್ಯುಎಸ್-ಪಾಲಿಸಿ ಹೊಸದಲ್ಲ, ಅದರ 1.5ನೇ ಆವೃತ್ತಿ 2007ರಲ್ಲೇ ಡಬ್ಲ್ಯು3ಸಿ ಮಾನದಂಡವಾಯಿತು. ನಮ್ಮದೇ ನಿಯಮವೊಂದು ಬೇಕು ಅನ್ನಿ, ‘ಪ್ರತಿ ಸಂದೇಶದ ದಾಖಲೆ ಇಡಬೇಕು’ ಅಂತ. ಎಕ್ಸ್‌ಎಂಎಲ್‌ನಲ್ಲಿ ಅದಕ್ಕೊಂದು ಟ್ಯಾಗ್ ಹುಟ್ಟಿಸುವುದು ಸಲೀಸು. ಆದರೆ ವೆಬ್ ಸರ್ವಿಸ್ ಕಟ್ಟುವ ಜಾವಾ ಚೌಕಟ್ಟಾದ ಅಪಾಚೆ ಸಿಎಕ್ಸ್‌ಎಫ್‌ನಲ್ಲಿ ಆ ಟ್ಯಾಗ್ ಓದಲು ಅಸರ್ಷನ್ ಬಿಲ್ಡರ್, ಜಾರಿಗೆ ತರಲು ಇಂಟರ್‌ಸೆಪ್ಟರ್ ಬರೆದು, ಎರಡನ್ನೂ ಆ ಚೌಕಟ್ಟಿನ ಬೆನ್ನೆಲುಬಾದ ‘ಬಸ್’ನಲ್ಲಿ ನೋಂದಾಯಿಸಬೇಕು (ನೋಯ್ಡಾದ ಬೊಟಾನಿಕಲ್ ಗಾರ್ಡನ್‌ಗೆ ಹೋಗುವ ಬಸ್ಸಲ್ಲ!). ಸರ್ವರ್ ಕಡೆ ಇಷ್ಟೆಲ್ಲ ಮಾಡಿ ಕ್ಲೈಂಟ್ ಕಡೆ ಮರೆತರೆ, ಯಾವ ಪಾಲಿಸಿಯೂ ಹೊಂದುತ್ತಿಲ್ಲವೆಂದು ಕರೆ ಅಲ್ಲೇ ನಿಲ್ಲುತ್ತದೆ. ನಿಲ್ಲುವುದೇ ಸರಿ ಅನ್ನುತ್ತೇನೆ. ಆ ಟ್ಯಾಗ್‌ಗೆ ‘ಇಗ್ನೋರಬಲ್’ (ಕಡೆಗಣಿಸಬಹುದು) ಎಂದು ಅಂಟಿಸಿ ಪಾರಾಗುವ ದಾರಿಯೂ ಇದೆ. ದಾಖಲೆಯ ನಿಯಮಕ್ಕಾದರೆ ನಡೆದೀತು, ಪಾಸ್‌ವರ್ಡ್ ಕೇಳುವ ನಿಯಮಕ್ಕೂ ಅದನ್ನೇ ಅಂಟಿಸುವವರು ಆಡಿಟ್‌ನವರಿಗೆ ಏನು ಹೇಳುತ್ತಾರೋ!