ಕೊಡುಗೆ ಕನ್ನಡದಲ್ಲಿ, ಷರತ್ತು ಇಂಗ್ಲಿಷಿನಲ್ಲಿ: ಹೋಟೆಲ್ ರಿಯಾಯಿತಿಗಳ ತಕರಾರು

ತಿಪಟೂರು: ಕೊಬ್ಬರಿ ಸೀಮೆಯ ಜನರಿಗೆ ಷರತ್ತುಗಳು ಹೊಸತಲ್ಲ. 2024ರ ಹಂಗಾಮಿನಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲ್‌ಗೆ 12,000 ರೂ. ಬೆಂಬಲ ಬೆಲೆ ನಿಗದಿಯಾದಾಗ, ಎಕರೆಗೆ 6 ಕ್ವಿಂಟಾಲ್‌ನಂತೆ ಒಬ್ಬ ರೈತನಿಂದ ಗರಿಷ್ಠ 15 ಕ್ವಿಂಟಾಲ್ ಮಾತ್ರ ಖರೀದಿ ಎಂಬ ಮಿತಿಯೂ ಇತ್ತು. ಆ ಮಿತಿ ರೈತರಿಗೆ ಹಿಡಿಸಲಿಲ್ಲ ಎಂಬುದು ಬೇರೆ ಮಾತು. ಆದರೆ ಅದು ಕನ್ನಡದಲ್ಲಿತ್ತು, ಮಾಲು ತೂಕಕ್ಕೆ ಹಾಕುವ ಮುನ್ನವೇ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅದನ್ನು ಪ್ರಶ್ನಿಸಲು ಸಾಧ್ಯವಾಯಿತು.

ಇದೇ ಸೀಮೆಯ ಬಿಳಿಗೆರೆಯ ಕುಟುಂಬವೊಂದು ಸಂತೆ, ಆಸ್ಪತ್ರೆ ಅಥವಾ ಮದುವೆ ಜವಳಿಗೆಂದು ಪೇಟೆಗೆ ಹೋಗಿ ಊಟಕ್ಕೆ ಹೋಟೆಲ್ ಹೊಕ್ಕಿತು ಎಂದು ಭಾವಿಸೋಣ. ಬಾಗಿಲಲ್ಲಿ ಆಳೆತ್ತರದ ಫಲಕ: ‘ಒಂದು ಬಿರಿಯಾನಿ ಕೊಂಡರೆ ಒಂದು ಉಚಿತ’. ನಾಲ್ವರ ಊಟ ಮುಗಿದು ಬಿಲ್ ಬಂದಾಗ ನಾಲ್ಕಕ್ಕೂ ಹಣ ಹಾಕಲಾಗಿದೆ. ಕೇಳಿದರೆ ಗಲ್ಲಾದ ಮೇಲೆ ಕುಳಿತವರ ಉತ್ತರ: ಆಫರ್ ಪಾರ್ಸಲ್‌ಗೆ ಮಾತ್ರ, ಭಾನುವಾರ ಇಲ್ಲ, ಅದೂ ಮಧ್ಯಾಹ್ನ ಮೂರರ ನಂತರ. ಫಲಕವನ್ನು ಮತ್ತೆ ನೋಡಿದರೆ ಕೆಳತುದಿಯಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಒಂದು ಸಾಲು: ಷರತ್ತುಗಳು ಅನ್ವಯಿಸುತ್ತವೆ. ಯಾವ ಷರತ್ತು ಎಂಬುದು ಅಲ್ಲಿಯೂ ಇಲ್ಲ.

ರಾಜ್ಯದ ಯಾವುದೇ ನಗರದ ಓದುಗರಿಗೆ ಈ ಚಿತ್ರ ಅಪರಿಚಿತವಲ್ಲ. ಇನ್ನೂರು ಮುನ್ನೂರು ರೂಪಾಯಿಗಾಗಿ ಹೆಂಡತಿ ಮಕ್ಕಳ ಮುಂದೆ ಜಗಳವಾಡಲು ಯಾರೂ ಬಯಸುವುದಿಲ್ಲ. ಹಣ ತೆತ್ತು ಹೊರಬರುತ್ತಾರೆ. ಸಣ್ಣ ಅಕ್ಷರದ ವ್ಯಾಪಾರ ನಿಂತಿರುವುದೇ ಈ ಸಂಕೋಚದ ಮೇಲೆ.

ಕೊಡುಗೆಗೆ ಷರತ್ತು ಹಾಕುವುದು ಅಪರಾಧವಲ್ಲ. ಅಕ್ಕಿ, ಎಣ್ಣೆ, ಅನಿಲ, ಕೂಲಿ ಎಲ್ಲದಕ್ಕೂ ಲೆಕ್ಕ ಹಾಕುವ ಹೋಟೆಲ್ ಮಾಲೀಕ, ಇಷ್ಟು ದಿನ, ಇಷ್ಟು ಜನಕ್ಕೆ, ಇಂತಹ ತಿನಿಸಿಗೆ ಮಾತ್ರ ಎಂದು ಮಿತಿ ಹೇರಲೇಬೇಕು. ತಕರಾರು ಹುಟ್ಟುವುದು ಷರತ್ತು ತಿಳಿಯುವ ಹೊತ್ತಿನಲ್ಲಿ. ಎಲೆ ಹಾಕುವ ಮುನ್ನ ತಿಳಿದರೆ ಅದು ವ್ಯಾಪಾರದ ನಿಯಮ. ಕೈ ತೊಳೆದ ಮೇಲೆ ತಿಳಿದರೆ ಅದು ಮೋಸ.

ಈ ವ್ಯತ್ಯಾಸವನ್ನು ಕಾನೂನು ಈಗಾಗಲೇ ಗುರುತಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ರಚನೆಯಾದ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್ 9ರಂದು ದಾರಿ ತಪ್ಪಿಸುವ ಜಾಹೀರಾತುಗಳ ತಡೆಗೆ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ಜಾಹೀರಾತಿನಲ್ಲಿ ಭರವಸೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ಭರವಸೆಗೆ ಬಳಸಿದ ಅಕ್ಷರವನ್ನೇ ಷರತ್ತಿಗೂ ಬಳಸಬೇಕು. ಅದು ಎದ್ದು ಕಾಣುವ ಜಾಗದಲ್ಲಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ದೊಡ್ಡ ಅಕ್ಷರದ ಭರವಸೆಯನ್ನು ಸಣ್ಣ ಅಕ್ಷರದ ಷರತ್ತು ಸುಳ್ಳು ಮಾಡುವಂತಿಲ್ಲ. ‘ಉಚಿತ’ ಎಂಬ ಪದಕ್ಕೂ ಅಲ್ಲಿ ಕಟ್ಟುಪಾಡುಗಳಿವೆ: ಉಚಿತ ವಸ್ತು ಪಡೆಯಲು ಗ್ರಾಹಕ ಏನೇನು ಮಾಡಬೇಕೆಂಬುದು ಸ್ಪಷ್ಟವಾಗಿರಬೇಕು, ಊಟದ ಒಟ್ಟು ಬೆಲೆಯಲ್ಲಿ ಮೊದಲೇ ಸೇರಿಸಿರುವ ಪಾಯಸವನ್ನು ಉಚಿತ ಎಂದು ಕರೆಯಬಾರದು. ದಾಸ್ತಾನು ಸೀಮಿತವಾಗಿದ್ದರೆ ಹಾಗೆಂದು ಹೇಳಬೇಕು. ಈ ನಿಯಮಗಳು ಮಾಧ್ಯಮ ಯಾವುದೇ ಇರಲಿ ಎಲ್ಲ ಜಾಹೀರಾತಿಗೂ ಅನ್ವಯ. ಅಂದರೆ ಟಿ.ವಿ. ಪರದೆಗೆ ಎಷ್ಟೋ ತಿಪಟೂರಿನ ವೃತ್ತದಲ್ಲಿ ಕಟ್ಟಿದ ಫ್ಲೆಕ್ಸ್‌ಗೂ, ಬಸ್ ನಿಲ್ದಾಣದಲ್ಲಿ ಹಂಚುವ ಕರಪತ್ರಕ್ಕೂ ಅಷ್ಟೇ. (ಪ್ಲಾಸ್ಟಿಕ್ ಫ್ಲೆಕ್ಸ್‌ಗಳನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ನಿಷೇಧಿತ ಹಾಳೆಯ ಮೇಲೆ ನಿಯಮಬಾಹಿರ ಜಾಹೀರಾತು!)

ಭಾಷೆಯ ನಿಯಮ ಕನ್ನಡಿಗರಿಗೆ ವಿಶೇಷವಾಗಿ ಉಪಯುಕ್ತ. ಆದರೂ ಇದರ ಚರ್ಚೆ ನಡೆದದ್ದು ಕಡಿಮೆ. ನಾಮಫಲಕದಲ್ಲಿ ಕನ್ನಡ ಎಷ್ಟಿರಬೇಕು ಎಂಬ ಬಗ್ಗೆ ಬೀದಿ ಹೋರಾಟಗಳೇ ನಡೆದಿವೆ. ಕೊಡುಗೆಯ ಷರತ್ತು ಕನ್ನಡದಲ್ಲಿದೆಯೇ ಎಂದು ಕೇಳಿದವರು ವಿರಳ. ಗ್ರಾಹಕನ ಜೇಬಿಗೆ ನೇರವಾಗಿ ಸಂಬಂಧಿಸಿದ್ದು ಎರಡನೆಯ ಪ್ರಶ್ನೆಯೇ.

ನಿಯಮ ಕಾಗದದಲ್ಲೇ ಉಳಿದಿಲ್ಲ ಎಂಬುದಕ್ಕೆ ಬೆಂಗಳೂರು ಮೂಲದ ಕಂಪನಿಯೊಂದರ ಪ್ರಕರಣ ಸಾಕ್ಷಿ. ಅದು ಹೋಟೆಲ್ ಅಲ್ಲ, ಆದರೆ ಕೊಡುಗೆಯ ಜಾಡು ಅದೇ. ಐದು ನಿಮಿಷದಲ್ಲಿ ಆಟೊ, ಇಲ್ಲದಿದ್ದರೆ 50 ರೂ. ಎಂದು ರ‍್ಯಾಪಿಡೊ ಜಾಹೀರಾತು ನೀಡಿತ್ತು. ವಾಸ್ತವವಾಗಿ ಸಿಗುತ್ತಿದ್ದುದು ನಗದಲ್ಲ. ‘50ರವರೆಗೆ’ ರ‍್ಯಾಪಿಡೊ ನಾಣ್ಯಗಳು. ಅವನ್ನು ಬೈಕ್ ಸವಾರಿಗೆ ಮಾತ್ರ, ಅದೂ ಏಳು ದಿನದೊಳಗೆ ಬಳಸಬೇಕಿತ್ತು. ಷರತ್ತುಗಳು ಓದಲಾಗದಷ್ಟು ಸಣ್ಣದಾಗಿದ್ದವು. 120ಕ್ಕೂ ಹೆಚ್ಚು ನಗರಗಳಲ್ಲಿ, ಹಲವು ಪ್ರಾದೇಶಿಕ ಭಾಷೆಗಳಲ್ಲಿ 548 ದಿನ ಓಡಿದ ಈ ಜಾಹೀರಾತಿಗಾಗಿ ಪ್ರಾಧಿಕಾರ 2025ರ ಆಗಸ್ಟ್‌ನಲ್ಲಿ 10 ಲಕ್ಷ ರೂ. ದಂಡ ವಿಧಿಸಿತು. 50 ರೂ. ಸಿಗದ ಗ್ರಾಹಕರಿಗೆ ಹಣ ಮರಳಿಸುವಂತೆಯೂ ಆದೇಶಿಸಿತು.

ಆ ‘ವರೆಗೆ’ ಎಂಬ ಪದವನ್ನು ಊಟದ ಆ್ಯಪ್‌ಗಳೂ ಚೆನ್ನಾಗಿ ಬಲ್ಲವು. ಉದಾಹರಣೆಗೆ, ಶೇ. 50 ರಿಯಾಯಿತಿ, ಗರಿಷ್ಠ 80 ರೂ.ವರೆಗೆ ಎಂಬ ಕೊಡುಗೆಯಲ್ಲಿ 400 ರೂ. ಊಟ ತರಿಸಿದವನಿಗೆ ಸಿಗುವುದು 80 ರೂ., ಅಂದರೆ ಶೇ. 20. ಬಿಲ್ 800 ಆದರೆ ಅದು ಶೇ. 10. ಹೆಚ್ಚು ತರಿಸಿದಷ್ಟೂ ರಿಯಾಯಿತಿ ಕರಗುತ್ತದೆ. ಅದರ ಮೇಲೆ ಪ್ಯಾಕಿಂಗ್, ಸಾಗಾಟ, 2023ರಲ್ಲಿ 2 ರೂ.ಯಿಂದ ಆರಂಭವಾಗಿ ಏರುತ್ತಲೇ ಬಂದ ಪ್ಲಾಟ್‌ಫಾರ್ಮ್ ಶುಲ್ಕ. ಮೊದಲು ಕಡಿಮೆ ಬೆಲೆ ತೋರಿಸಿ ಕೊನೆಯ ಹಂತದಲ್ಲಿ ಶುಲ್ಕ ಸೇರಿಸುವ ತಂತ್ರವನ್ನು 2023ರ ನವೆಂಬರ್ 30ರ ಮಾರ್ಗಸೂಚಿಯು ಆನ್‌ಲೈನ್ ವಹಿವಾಟಿನ 13 ವಂಚಕ ವಿನ್ಯಾಸಗಳಲ್ಲಿ ಒಂದೆಂದು ಪಟ್ಟಿ ಮಾಡಿದೆ. ಹೋಟೆಲ್‌ಗಳು ಬಿಲ್‌ನಲ್ಲಿ ತಾನಾಗಿಯೇ ಸೇರಿಸುವ ಸೇವಾ ಶುಲ್ಕವೂ ಇದೇ ಜಾತಿಯದು. ಅದನ್ನು ಕಡ್ಡಾಯ ಮಾಡಬಾರದೆಂಬ 2022ರ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಎತ್ತಿಹಿಡಿಯಿತು.

ಹಾಗಿದ್ದರೆ ದೂರುಗಳೇಕೆ ವಿರಳ? ಬಿಳಿಗೆರೆಯ ಕಡೆಯಿಂದ ನೋಡಿದರೆ ಉತ್ತರ ಸುಲಭ. ಜಿಲ್ಲಾ ಗ್ರಾಹಕರ ಆಯೋಗ ಇರುವುದು ತುಮಕೂರಿನಲ್ಲಿ, ತಿಪಟೂರಿನಿಂದ ಸುಮಾರು 75 ಕಿ.ಮೀ. ದೂರದಲ್ಲಿ. 200 ರೂ. ಬಿರಿಯಾನಿಯ ನ್ಯಾಯಕ್ಕೆ ಒಂದು ದಿನದ ತೋಟದ ಕೆಲಸ ಬಿಟ್ಟು, ಬಸ್‌ ಚಾರ್ಜು ತೆತ್ತು ಯಾರು ಹೋಗುತ್ತಾರೆ?

ಆದರೆ ಹೋದವರಿಗೆ ನ್ಯಾಯ ಸಿಕ್ಕ ಉದಾಹರಣೆಗಳು ರಾಜ್ಯದಲ್ಲೇ ಇವೆ. ಹಣ ಪಡೆದರೂ 133.25 ರೂ. ಮೊಮೊ ತಲುಪಿಸದ ಜೊಮ್ಯಾಟೊ, ಧಾರವಾಡದ ಮಹಿಳೆಯೊಬ್ಬರಿಗೆ ಪರಿಹಾರ ಹಾಗೂ ವ್ಯಾಜ್ಯದ ವೆಚ್ಚವಾಗಿ 60,000 ರೂ. ಕೊಡಬೇಕೆಂದು ಅಲ್ಲಿನ ಜಿಲ್ಲಾ ಆಯೋಗ 2024ರ ಜುಲೈನಲ್ಲಿ ಆದೇಶಿಸಿತು. ಬೆಂಗಳೂರಿನಲ್ಲಿ 150 ರೂ. ಕೋಳಿ ಬಿರಿಯಾನಿಯಲ್ಲಿ ಕೋಳಿಯೇ ಇರಲಿಲ್ಲವೆಂದು ದೂರಿದ ಗ್ರಾಹಕರು ವಕೀಲರಿಲ್ಲದೆ ತಾವೇ ವಾದಿಸಿ, ಬಿರಿಯಾನಿ ಹಣದ ಜತೆಗೆ 1,000 ರೂ. ಪರಿಹಾರ ಪಡೆದರು. ಇವು ನೇರವಾಗಿ ಕೊಡುಗೆಯ ವ್ಯಾಜ್ಯಗಳಲ್ಲ. ಮೊತ್ತಗಳ ಅಂತರವೂ ವಿಪರೀತ. ಧಾರವಾಡದ ಮೊತ್ತ ಎಲ್ಲರಿಗೂ ಸಿಗುತ್ತದೆಂದು ನಂಬಿ ಹೊರಡುವುದು ಜಾಣತನವಲ್ಲ. ಆದರೂ ಮೊತ್ತ ಚಿಕ್ಕದೆಂದು ಆಯೋಗಗಳು ದೂರನ್ನು ತಳ್ಳಿಹಾಕುವುದಿಲ್ಲ ಎಂಬುದನ್ನಂತೂ ಇವು ತೋರಿಸುತ್ತವೆ. 5 ಲಕ್ಷ ರೂ.ವರೆಗಿನ ವಹಿವಾಟಿಗೆ ದೂರಿನ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ದಾಖಲಿಸುವ ಹಕ್ಕನ್ನು 2019ರ ಕಾಯ್ದೆ ನೀಡಿದೆ. ಹೀಗಾಗಿ ಬೆಂಗಳೂರಿನ ಹೋಟೆಲ್‌ನಲ್ಲಿ ಮೋಸಹೋದ ಬಿಳಿಗೆರೆಯವರು ಬೆಂಗಳೂರಿಗೆ ಅಲೆಯಬೇಕಿಲ್ಲ. ಹೋಟೆಲ್‌ನವರೇ ತುಮಕೂರಿಗೆ ಬರಬೇಕು.

ಒಂದು ತೊಡಕು ಮಾತ್ರ ಗಮನಾರ್ಹ. ಷರತ್ತನ್ನೇ ‘ಅನ್ಯಾಯದ ಕರಾರು’ ಎಂದು ಪ್ರಶ್ನಿಸುವ ಅವಕಾಶವನ್ನು ಕಾಯ್ದೆ ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗೆ ನೀಡಿದೆಯೇ ಹೊರತು ಜಿಲ್ಲಾ ಆಯೋಗಕ್ಕಲ್ಲ. ನೂರು ರೂಪಾಯಿಯ ಕೂಪನ್‌ನ ಕರಾರನ್ನು ಪ್ರಶ್ನಿಸಲು ರಾಜಧಾನಿಗೆ ಹೋಗಬೇಕೆಂಬುದು ಶಾಸನದ ವಿಚಿತ್ರಗಳಲ್ಲೊಂದು. ಅದೇ ಸಂಗತಿಯನ್ನು ದಾರಿ ತಪ್ಪಿಸುವ ಜಾಹೀರಾತು, ಅನುಚಿತ ವ್ಯಾಪಾರ ಪದ್ಧತಿ ಎಂದು ಬರೆದರೆ ಜಿಲ್ಲೆಯಲ್ಲೇ ವಿಚಾರಣೆ ಸಾಧ್ಯ. ಕೊಡುವ ಉದ್ದೇಶವಿಲ್ಲದೆ ಉಡುಗೊರೆ, ಬಹುಮಾನ ಘೋಷಿಸುವುದು ಅನುಚಿತ ವ್ಯಾಪಾರದ ವ್ಯಾಖ್ಯೆಯಲ್ಲಿಯೇ ಸೇರಿದೆ.

ಹೋಟೆಲ್ ಮಾಲೀಕರನ್ನಷ್ಟೇ ಕಟಕಟೆಯಲ್ಲಿ ನಿಲ್ಲಿಸುವುದೂ ನ್ಯಾಯವಲ್ಲ. ಎಷ್ಟೋ ಕೊಡುಗೆಗಳು ಅವರ ತಲೆಯಲ್ಲಿ ಹುಟ್ಟಿದವಲ್ಲ. ಒಂದಕ್ಕೆ ಒಂದು ಉಚಿತ ನೀಡುತ್ತಿದ್ದ ಜೊಮ್ಯಾಟೊ ಗೋಲ್ಡ್‌ನಂತಹ ಯೋಜನೆಗಳ ವಿರುದ್ಧ 2019ರ ಆಗಸ್ಟ್‌ನಲ್ಲಿ ದೇಶದ ನೂರಾರು ರೆಸ್ಟೊರೆಂಟ್‌ಗಳು ‘ಲಾಗ್‌ಔಟ್’ ಚಳವಳಿ ನಡೆಸಿದವು. ಸದಸ್ಯತ್ವದ ಹಣ ಆ್ಯಪ್‌ಗೆ, ಉಚಿತ ತಿನಿಸಿನ ನಷ್ಟ ತಮಗೆ ಎಂಬುದು ಅವರ ಅಳಲು. ಕಂಪನಿ ಆಗ ಬಳಕೆಗೆ ಮಿತಿ ಹಾಕಿತು. ಆದರೆ ಆ ವೇಳೆಗೆ ಗ್ರಾಹಕರು ಹಳೆಯ ಷರತ್ತು ನಂಬಿ ಹಣ ಕಟ್ಟಿಯಾಗಿತ್ತು.

ಮಿತಿಯೇ ಇಲ್ಲದ ಕೊಡುಗೆಯ ಗತಿಯನ್ನೂ ಜಗತ್ತು ಕಂಡಿದೆ. ಅಮೆರಿಕದ ರೆಡ್ ಲಾಬ್‌ಸ್ಟರ್ ಸರಪಳಿ 2023ರಲ್ಲಿ 20 ಡಾಲರ್‌ಗೆ ತಿಂದಷ್ಟೂ ಸಿಗಡಿ ಎಂಬ ಕೊಡುಗೆಯನ್ನು ಕಾಯಂ ಮಾಡಿತು. ಕೋಟ್ಯಂತರ ರೂಪಾಯಿ ನಷ್ಟ ಅನುಭವಿಸಿ 2024ರ ಮೇನಲ್ಲಿ ದಿವಾಳಿ ಅರ್ಜಿ ಹಾಕಿತು. ಸಿಗಡಿಯೊಂದೇ ಕಾರಣವಲ್ಲದಿದ್ದರೂ ಕಾರಣಗಳಲ್ಲಿ ಅದೂ ಒಂದು. ನೆರೆಯ ತೆಲಂಗಾಣದ ಕರೀಂನಗರದಲ್ಲಿ 2023ರ ಜೂನ್‌ನಲ್ಲಿ ಒಂದು ರೂಪಾಯಿ ನೋಟಿಗೆ ಬಿರಿಯಾನಿ ಎಂದು ಘೋಷಿಸಿದ ಹೋಟೆಲ್ ಮುಂದೆ ಜನಜಾತ್ರೆ ಸೇರಿ, ಕೊನೆಗೆ ಬಾಗಿಲು ಮುಚ್ಚಿಸಬೇಕಾಯಿತು.

ಸ್ಪಷ್ಟ ಷರತ್ತಿನ ಕೊಡುಗೆ ಅಸಾಧ್ಯವೇನಲ್ಲ. ಚುನಾವಣೆಯ ದಿನ ಬೆಂಗಳೂರಿನ ಹೋಟೆಲ್‌ಗಳು ನೀಡುವ ಕೊಡುಗೆಯನ್ನೇ ನೋಡಬಹುದು: ಬೆರಳಿನ ಶಾಯಿ ತೋರಿಸಿ, ದೋಸೆ ತಿನ್ನಿ. 2023ರ ವಿಧಾನಸಭಾ ಚುನಾವಣೆಯಲ್ಲಿ ಬಿಬಿಎಂಪಿ ಇದಕ್ಕೆ ನೀತಿ ಸಂಹಿತೆಯ ತಕರಾರು ತೆಗೆದಿತ್ತು. 2024ರ ಏಪ್ರಿಲ್ 26ರ ಲೋಕಸಭಾ ಮತದಾನಕ್ಕೆ ಮುನ್ನ ಹೋಟೆಲ್‌ ಮಾಲೀಕರ ಸಂಘ ಹೈಕೋರ್ಟ್ ಮೆಟ್ಟಿಲೇರಿ ಅನುಮತಿ ಪಡೆಯಿತು. ಅಧಿಕಾರಿಗಳಿಗೂ ಹೋಟೆಲ್‌ನವರಿಗೂ ಜಗಳವಾಯಿತೇ ಹೊರತು, ಗ್ರಾಹಕರಿಗೆ ಅದರ ಅರ್ಥದಲ್ಲಿ ಗೊಂದಲವಿರಲಿಲ್ಲ. ಷರತ್ತು ಬೆರಳ ಮೇಲೇ ಇತ್ತು.

ಸಣ್ಣ ಊರುಗಳ ಮಟ್ಟಿಗೆ ಆಯೋಗಕ್ಕಿಂತ ಹತ್ತಿರದ ದಾರಿಯೊಂದಿದೆ. ದಾರಿ ತಪ್ಪಿಸುವ ಜಾಹೀರಾತಿನ ದೂರನ್ನು ಜಿಲ್ಲಾಧಿಕಾರಿಗೆ ಲಿಖಿತವಾಗಿ ಅಥವಾ ವಿದ್ಯುನ್ಮಾನ ರೂಪದಲ್ಲಿ ಸಲ್ಲಿಸಲು, ಜಿಲ್ಲಾಧಿಕಾರಿ ಅದನ್ನು ವಿಚಾರಿಸಿ ಪ್ರಾಧಿಕಾರಕ್ಕೆ ವರದಿ ನೀಡಲು 2019ರ ಕಾಯ್ದೆಯಲ್ಲೇ ಅವಕಾಶವಿದೆ. ಇದು ಒಬ್ಬನ 200 ರೂ. ಮರಳಿ ಪಡೆಯುವ ದಾರಿಯಲ್ಲ. ಮೋಸದ ಫಲಕವನ್ನೇ ಇಳಿಸುವ ದಾರಿ. ತಾಲ್ಲೂಕಿನ ಗ್ರಾಹಕ ಸಂಘಟನೆಗಳು, ಕಾಲೇಜು ವಿದ್ಯಾರ್ಥಿಗಳು ಕೈಹಾಕಬಹುದಾದ ಕೆಲಸವಿದು. ವೈಯಕ್ತಿಕ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಯಾವ ದಾರಿ ಹಿಡಿದರೂ ಕೈಯಲ್ಲಿ ಎರಡು ಇರಬೇಕು: ಫಲಕದ ಛಾಯಾಚಿತ್ರ ಮತ್ತು ಬಿಲ್. ಮೊದಲನೆಯದು ಈಗ ಎಲ್ಲರ ಜೇಬಿನ ಮೊಬೈಲ್‌ನಲ್ಲಿ ಸಾಧ್ಯ. ಎರಡನೆಯದೇ ಕಷ್ಟ. ತುಂಡು ಚೀಟಿಯಲ್ಲಿ ಮೊತ್ತ ಗೀಚಿ ಕೊಡುವ, ಅದನ್ನೂ ಹಣ ಪಡೆದ ಮೇಲೆ ಮೊಳೆಗೆ ಚುಚ್ಚಿಡುವ ಪದ್ಧತಿ ನಮ್ಮ ಊಟದ ಹೋಟೆಲ್‌ಗಳಲ್ಲಿ ಇನ್ನೂ ಉಂಟು. ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಎಂದು 2019ರ ಕಾಯ್ದೆ ಹೊಸದಾಗಿ ಸೇರಿಸಿರುವುದು ಗಲ್ಲಾದ ಇಬ್ಬದಿಯವರಿಗೂ ಇನ್ನೂ ತಿಳಿದಂತಿಲ್ಲ.