ಸ್ವವಿವರದಲ್ಲಿ ಕಾಣದ ಕೌಶಲ್ಯ

ನಂಜನಗೂಡಿನ ಕಾರ್ಖಾನೆಗಳಿಗೆ ನಮ್ಮ ಯುವಜನರು ಸಲ್ಲಿಸುವ ಸ್ವವಿವರಗಳಲ್ಲಿ ‘ಪರಿಶ್ರಮಿ’, ‘ಪ್ರಾಮಾಣಿಕ’ ಎಂಬ ವಿಶೇಷಣಗಳಿಗೆ ಕೊರತೆಯಿಲ್ಲ. ಬಲ್ಲ ಕೆಲಸದ ಉಲ್ಲೇಖ ಮಾತ್ರ ವಿರಳ. 1980ರಲ್ಲಿ ಸ್ಥಾಪಿತವಾದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ತೆಗೆಯುವ ಘಟಕ ತಿ. ನರಸೀಪುರದಲ್ಲಿದೆ. ಗೂಡು ವಿಂಗಡಿಸುವುದು, ಬಿಸಿನೀರಿನ ಹದ ಕಾಯುವುದು, ಕಡಿದ ಎಳೆ ಕೂಡಿಸಿ ನೂಲಿನ ಸಮತೆ ಕಾಪಾಡುವುದು ಆ ಕಸುಬಿನ ಜೀವಾಳ. ಕಾರ್ಖಾನೆಯ ಪರಿಭಾಷೆಯಲ್ಲಿ ಇವೇ ಕಚ್ಚಾವಸ್ತು ಪರೀಕ್ಷೆ, ತಾಪಮಾನ ನಿಯಂತ್ರಣ, ಗುಣಮಟ್ಟ ನಿರ್ವಹಣೆ. ಇಂತಹ ಕಸುಬನ್ನು ಬಲ್ಲವರೇ ‘ಅನುಭವ: ಇಲ್ಲ’ ಎಂದು ಬರೆದರೆ ನಷ್ಟ ಅಭ್ಯರ್ಥಿಗೂ ಹೌದು, ಉದ್ಯಮಕ್ಕೂ ಹೌದು.

ಆದ್ದರಿಂದ ಮಾಡಿದ ಕೆಲಸ, ಬಳಸಿದ ಯಂತ್ರ, ದುಡಿದ ಅವಧಿ, ದೊರೆತ ಫಲ ಈ ನಾಲ್ಕನ್ನು ಅಭ್ಯರ್ಥಿಗಳು ಸ್ಪಷ್ಟವಾಗಿ ನಮೂದಿಸಲಿ. ಉತ್ಪ್ರೇಕ್ಷೆ ಬೇಡ, ಅದು ಸಂದರ್ಶನದಲ್ಲಿ ಬಯಲಾಗುತ್ತದೆ. ಉದ್ಯಮಿಗಳೂ ಅಂಕಪಟ್ಟಿಯಾಚೆಗೆ, ಒಮ್ಮೆ ಕೈಗೆ ಕೆಲಸ ಕೊಟ್ಟು ನೋಡಲಿ.