ಖಾಲಿ ಸ್ಲಾಟಿನ ಪಕ್ಷವಾಗಿ

ಏಪ್ರಿಲ್, ಮೇ ತಿಂಗಳುಗಳಲ್ಲಿ ಮಲೆನಾಡಿನ ಊರುಗಳ ಮೇಲೆ ಗುಡುಗು ಸಿಡಿಲುಗಳೊಡನೆ ಮುಂಗಾರಿಗೆ ಮುಂಚಿನ ಮಳೆ ಸುರಿಯತೊಡಗಿತೆಂದರೆ ಕಂಪ್ಯೂಟರ್ ರಿಪೇರಿಯ ಅಂಗಡಿಗಳಲ್ಲಿ ಕೆಲಸ ಹೆಚ್ಚುತ್ತದೆ. ದೂರವಾಣಿಯ ತಾಮ್ರದ ತಂತಿಯನ್ನು ಹಿಡಿದು ಬಂದ ವಿದ್ಯುದಾಘಾತವು ಮೊದಲು ಮೋಡೆಮನ್ನೂ, ಅಲ್ಲಿಂದ ಕೇಬಲ್ಲಿನ ಮಾರ್ಗವಾಗಿ ಮದರ್‌ಬೋರ್ಡಿನಲ್ಲಿಯೇ ಬೆಸೆದಿರುವ ಲ್ಯಾನ್ ಚಿಪ್ಪನ್ನೂ ಸುಟ್ಟು, ಉಳಿದ ಯಂತ್ರವನ್ನು ಮಾತ್ರ ಯಾವ ದಯೆಯಿಂದಲೋ ಮುಟ್ಟದೆ ಬಿಟ್ಟುಹೋಗುವುದುಂಟು. ಅಂತಹ ಯಂತ್ರವು ಎಂದಿನಂತೆಯೇ ಚಾಲನೆಗೊಳ್ಳುತ್ತದೆ, ಕಡತಗಳನ್ನು ತೆರೆಯುತ್ತದೆ, ಮುದ್ರಣವನ್ನೂ ಮಾಡಿಕೊಡುತ್ತದೆ, ಆದರೆ ಹೊರಗಿನ ಜಾಲದೊಡನೆ ಅದಕ್ಕಿದ್ದ ಸಂಬಂಧವು ಕಡಿದುಹೋಗಿರುತ್ತದೆ. ಇದನ್ನು ಹೊತ್ತು ತಂದ ಶಾಲೆಯ ಮೇಷ್ಟರಿಗಾಗಲಿ ಸಹಕಾರ ಸಂಘದ ಗುಮಾಸ್ತರಿಗಾಗಲಿ ಬಹುಮಟ್ಟಿಗೆ ದೊರೆಯುವ ಉತ್ತರ ಒಂದೇ: “ಬೋರ್ಡ್ ಹೋಗಿದೆ ಸಾರ್, ಹಳೇದಾಯ್ತು, ಹೊಸದೇ ತಗೊಂಡುಬಿಡಿ.” ಬೋರ್ಡಿನ ಒಂದು ಮೂಲೆಯ ಒಂದು ಚಿಪ್ಪು ಸತ್ತುದನ್ನು ಬೋರ್ಡೇ ಸತ್ತಿತೆಂದು ಸಾರುವ ಈ ಅಭ್ಯಾಸವು ನಮ್ಮಲ್ಲಿ ಇಷ್ಟು ಸಹಜವಾಗಿಬಿಟ್ಟಿರುವುದು ಯೋಗ್ಯವಲ್ಲವೆಂದು ನನ್ನ ಅಭಿಪ್ರಾಯ, ಏಕೆಂದರೆ ಆ ಬೋರ್ಡಿನ ಮೇಲೆಯೇ, ಧೂಳು ಹಿಡಿದು, ಲ್ಯಾನ್ ಕಾರ್ಡನ್ನು ಸ್ವೀಕರಿಸಬಲ್ಲ ಖಾಲಿ ಸ್ಲಾಟೊಂದು ಕಾದುಕೊಂಡಿರುತ್ತದೆ.

ಆ ಸ್ಲಾಟು ಅಲ್ಲಿಗೆ ಬಂದ ಇತಿಹಾಸವನ್ನು ತುಸು ನೆನೆಯುವುದು ಉಚಿತ. 1973ರಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿದ್ದ ಜೆರಾಕ್ಸ್ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಎಂಬವರು ಯಂತ್ರಗಳನ್ನು ತಂತಿಯಿಂದ ಜಾಲವಾಗಿ ಬೆಸೆಯುವ ಈಥರ್‌ನೆಟ್ಟನ್ನು ರೂಪಿಸಿದರು. 1981ರಲ್ಲಿ ಐಬಿಎಂ ಸಂಸ್ಥೆಯು ತನ್ನ ಪಿಸಿಯನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿ ಜಾಲಕ್ಕೆ ಸೇರುವ ಯಾವ ಬಾಗಿಲೂ ಇರಲಿಲ್ಲ. ಆದರೂ ಆ ಯಂತ್ರವು ಮುಂದೆ ಜಾಲವನ್ನು ಸೇರಿತು. ತಮ್ಮ ಕಲ್ಪನೆಗೆ ಆಗ ನಿಲುಕದಿದ್ದ ಪ್ರಯೋಜನಗಳಿಗಾಗಿ ಐದು ಖಾಲಿ ಸ್ಲಾಟುಗಳನ್ನು ಬಿಟ್ಟು, ಅವುಗಳ ಲಕ್ಷಣಗಳನ್ನು ಗುಟ್ಟುಮಾಡದೆ ಪ್ರಕಟಿಸಿದ ಶಿಲ್ಪಿಗಳ ಔದಾರ್ಯದಿಂದಾಗಿ, ಮೆಟ್‌ಕಾಫ್ ತಾವೇ 1979ರಲ್ಲಿ ಸಂಗಡಿಗರೊಡನೆ ಸ್ಥಾಪಿಸಿದ್ದ ತ್ರೀಕಾಮ್ ಸಂಸ್ಥೆಯೂ, ತರುವಾಯ ಇನ್ನೆಷ್ಟೋ ಸಂಸ್ಥೆಗಳೂ ತಮ್ಮ ಕಾರ್ಡುಗಳನ್ನು ಅದರೊಳಕ್ಕೆ ಸೇರಿಸಲು ಸಾಧ್ಯವಾಯಿತು. ಮುಂದೇನು ಬರುವುದೋ ತಿಳಿಯದು, ಬಂದುದಕ್ಕೆ ಸ್ಥಳವಿರಲಿ ಎಂಬ ಈ ವಿನಯವನ್ನು ಯಂತ್ರಶಿಲ್ಪದ ಒಂದು ದೊಡ್ಡ ಗುಣವೆಂದೇ ನಾನು ಎಣಿಸುತ್ತೇನೆ.

ಹಾಗೆಂದು ಆ ಕಾಲವನ್ನು ಸುವರ್ಣಯುಗವೆಂದು ಹೊಗಳಲಾರೆ. ಐಎಸ್ಎ ಎಂಬ ಹಳೆಯ ಸ್ಲಾಟಿನ ದಿನಗಳಲ್ಲಿ ಕಾರ್ಡು ಹಾಕುವವನು ಅದರ ಮೇಲಿನ ಜಂಪರುಗಳನ್ನು ಕಿತ್ತು ನೆಟ್ಟು, ಪ್ರೊಸೆಸರಿನ ಗಮನವನ್ನು ಸೆಳೆಯುವ ಐಆರ್‌ಕ್ಯೂ ಎಂಬ ಸಂಜ್ಞೆಯ ತಂತಿಗಳಲ್ಲಿ ಯಾವುದು ಬಿಡುವಾಗಿದೆಯೆಂದು ತಾನೇ ಲೆಕ್ಕ ಹಾಕಬೇಕಾಗಿತ್ತು. ಅಂತಹ ತಂತಿಗಳು ಒಟ್ಟು ಹದಿನಾರು. ಅವುಗಳಲ್ಲಿ ಗಡಿಯಾರ, ಕೀಲಿಮಣೆ, ಡಿಸ್ಕುಗಳು ತಮ್ಮ ಪಾಲನ್ನು ಮೊದಲೇ ಹಿಡಿದಿರುತ್ತಿದ್ದವು. ನಾವೆಲ್ ಸಂಸ್ಥೆಯ ಪ್ರಸಿದ್ಧ ಎನ್ಇ2000 ಕಾರ್ಡೂ ಅದರ ಅಗ್ಗದ ಅನುಕರಣಗಳೂ ಮೂರನೆಯ ತಂತಿಯನ್ನು ಬಯಸುತ್ತಿದ್ದುವು. ಎರಡನೆಯ ಸೀರಿಯಲ್ ಪೋರ್ಟೂ ಅದನ್ನೇ ಬಯಸುತ್ತಿತ್ತು. ಪರಿಣಾಮವಾಗಿ ಒಂದು ಸರಿಯಾದರೆ ಮತ್ತೊಂದು ಮೂಕವಾಗುತ್ತಿತ್ತು. 1992ರಲ್ಲಿ ಇಂಟೆಲ್ ಪ್ರಕಟಿಸಿದ ಪಿಸಿಐ ಪದ್ಧತಿಯು ಈ ಕಲಹವನ್ನು ಬಹುತೇಕ ಶಮನಗೊಳಿಸಿತು: ಕಾರ್ಡು ತಾನಾರೆಂದು ತಾನೇ ಹೇಳಿಕೊಳ್ಳುತ್ತದೆ, ಬೋರ್ಡು ಅದಕ್ಕೆ ಬೇಕಾದುದನ್ನು ಹಂಚಿಕೊಡುತ್ತದೆ. ಇಂದು ನಮ್ಮ ಶಾಲೆಗಳ ಮೂಲೆಗಳಲ್ಲಿ ಕುಳಿತಿರುವ ಹಳೆಯ ಯಂತ್ರಗಳಲ್ಲಿ ಹೆಚ್ಚಿನವು ಈ ಪೀಳಿಗೆಯವೇ ಆದುದರಿಂದ, ದುರಸ್ತಿಯು ಜನ ಭಾವಿಸಿರುವಷ್ಟು ದುಸ್ಸಾಧ್ಯವಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಬೀದಿಗಳಲ್ಲಿ ಕೆಲವು ನೂರು ರೂಪಾಯಿಗೆ ಪಿಸಿಐ ಲ್ಯಾನ್ ಕಾರ್ಡು ಸಿಗುತ್ತದೆ. ಆದರೆ 2004ರ ಸುಮಾರಿನಿಂದ ಬೋರ್ಡುಗಳಲ್ಲಿ ಕಾಣಿಸಿಕೊಂಡ ಪಿಸಿಐ ಎಕ್ಸ್‌ಪ್ರೆಸ್ ಎಂಬುದು ಇದರ ಬಂಧುವೇ ಆದರೂ, ಒಂದರ ಕಾರ್ಡು ಇನ್ನೊಂದರ ಸ್ಲಾಟಿಗೆ ಕೂರದು, ಆದ್ದರಿಂದ ಪೆಟ್ಟಿಗೆಯನ್ನು ತೆರೆದು ನೋಡಿಯೇ ಅಂಗಡಿಗೆ ಹೋಗತಕ್ಕದ್ದು.

ಕೂರಿಸುವ ಕ್ರಿಯೆಯಲ್ಲಿ ಎರಡೇ ಎಚ್ಚರಿಕೆಗಳು ಮುಖ್ಯ. ಸ್ವಿಚ್ಚು ಆರಿಸಿದ ಮಾತ್ರಕ್ಕೆ ಬೋರ್ಡಿಗೆ ವಿದ್ಯುತ್ತು ನಿಲ್ಲುವುದಿಲ್ಲವಾದುದರಿಂದ ಪವರ್ ಕೇಬಲ್ಲನ್ನೇ ಕೀಳಬೇಕು. ಕಾರ್ಡನ್ನು ಮುಟ್ಟುವ ಮುನ್ನ ಪೆಟ್ಟಿಗೆಯ ಲೋಹದ ಚೌಕಟ್ಟನ್ನು ಮುಟ್ಟಿ ಮೈಮೇಲಿನ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ಹಿಂಬದಿಯ ಸ್ಕ್ರೂವನ್ನು ಬಿಗಿಯುವಾಗ ಕಾರ್ಡಿನ ಇನ್ನೊಂದು ತುದಿ ಸ್ಲಾಟಿನಿಂದ ಕೂದಲೆಳೆಯಷ್ಟು ಮೇಲೇಳುವುದೂ, ಅದರಿಂದಾಗಿ ಕಾರ್ಡು ಒಮ್ಮೆ ಕಂಡು ಒಮ್ಮೆ ಕಾಣದಾಗುವುದೂ ಉಂಟು. ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರಿನ ದೋಷವೆಂದು ತಿಳಿದು ಜನ ದಿನಗಟ್ಟಲೆ ತಿಣುಕುವ ತೊಂದರೆಗಳಲ್ಲಿ ಇದೂ ಒಂದು. ಸುಟ್ಟ ಹಳೆಯ ಚಿಪ್ಪನ್ನು ಬಯಾಸಿನಲ್ಲಿ ನಿಷ್ಕ್ರಿಯಗೊಳಿಸುವುದನ್ನೂ ಮರೆಯಬಾರದು, ಏಕೆಂದರೆ ಅರೆಜೀವದ ಚಿಪ್ಪು ಸತ್ತ ಚಿಪ್ಪಿಗಿಂತ ಹೆಚ್ಚು ಉಪದ್ರವಕಾರಿ.

ನಿಜವಾದ ವಿದ್ಯೆಯಿರುವುದು ಮುಂದಿನ ದೋಷಶೋಧದಲ್ಲಿ. ತೊಂದರೆ ಕಂಡೊಡನೆ ಇಡೀ ವಿಂಡೋಸನ್ನೇ ಅಳಿಸಿ ಮತ್ತೆ ಹಾಕುವುದು ನಮ್ಮಲ್ಲಿ ರೂಢಿ. ಇದಕ್ಕೆ ಪ್ರತಿಯಾಗಿ, ಕೆಳಗಿನ ಮೆಟ್ಟಿಲು ಗಟ್ಟಿಯೆಂದು ಖಚಿತವಾಗುವವರೆಗೆ ಮೇಲಿನದರ ಮೇಲೆ ಕಾಲಿಡದಿರುವುದೇ ವಿವೇಕ. ಕಾರ್ಡಿನ ಹಿಂದಿನ ಹಸಿರು ದೀಪ ಹೊತ್ತದಿದ್ದರೆ ಡ್ರೈವರಿನ ವಿಚಾರವನ್ನೆತ್ತುವುದಕ್ಕೆ ಮುಂಚೆ ಕೇಬಲ್ಲನ್ನು ಬದಲಿಸಿ ನೋಡಬೇಕು; ನೂರು ಮೆಗಾಬಿಟ್ಟಿನ ಜಾಲಕ್ಕೆ ಎಂಟು ಎಳೆಗಳಲ್ಲಿ ಒಂದು, ಎರಡು, ಮೂರು, ಆರನೆಯವು ಮಾತ್ರವೇ ಬೇಕಾಗಿರುವುದರಿಂದ, ಇಲಿ ಕಡಿದ ಕೇಬಲ್ಲು ಕೂಡ ಒಮ್ಮೊಮ್ಮೆ ಕೆಲಸ ಮಾಡಿ ನಮ್ಮನ್ನು ಭ್ರಮೆಗೆ ಗುರಿಮಾಡುತ್ತದೆ. ದೀಪ ಹೊತ್ತಿ, ವಿಳಾಸ ಮಾತ್ರ 169.254 ಎಂಬ ಅಂಕಿಗಳಿಂದ ಮೊದಲಾಗುತ್ತಿದ್ದರೆ, ವಿಳಾಸವನ್ನು ದಯಪಾಲಿಸಬೇಕಾದ ಮೋಡೆಮಿನಿಂದ ಉತ್ತರ ಬಾರದೆ ಯಂತ್ರವು ತನಗೆ ತಾನೇ ಒಂದನ್ನು ಕಲ್ಪಿಸಿಕೊಂಡಿದೆಯೆಂದು ತಿಳಿಯತಕ್ಕದ್ದು. 127.0.0.1 ಎಂಬ ವಿಳಾಸಕ್ಕೆ ಪಿಂಗ್ ಮಾಡಿ, ಉತ್ತರ ಬಂದುದರಿಂದ ಕಾರ್ಡು ಸರಿಯಿದೆಯೆಂದು ಘೋಷಿಸುವ ಪಂಡಿತರೂ ಇದ್ದಾರೆ. ಆ ಸಂದೇಶವು ಕಾರ್ಡನ್ನು ಮುಟ್ಟುವುದೇ ಇಲ್ಲ, ತಂತ್ರಾಂಶದೊಳಗೇ ತಿರುಗಿ ಬರುತ್ತದೆ. ಎಲ್ಲವೂ ಸರಿಯಿದ್ದು ವೇಗ ಮಾತ್ರ ಆಮೆಯಂತಿದ್ದರೆ, ತಂತಿಯ ಒಂದು ತುದಿಯು ಏಕಕಾಲದಲ್ಲಿ ಕಳುಹಿಸುತ್ತಲೂ ಸ್ವೀಕರಿಸುತ್ತಲೂ ಇದ್ದು, ಮತ್ತೊಂದು ತುದಿಯು ಸರದಿಯ ಮೇಲೆ ಮಾತ್ರ ಮಾಡುತ್ತಿರುವ ಸಂಭವವಿದೆ. ಯಾರೋ ಹಿಂದೊಮ್ಮೆ ಒಂದು ತುದಿಯಲ್ಲಿ ಡ್ಯೂಪ್ಲೆಕ್ಸನ್ನು ಕೈಯಾರೆ ನಿಗದಿಮಾಡಿದುದರ ಫಲವಿದು, ಎರಡೂ ಕಡೆ ತಾನಾಗಿ ಹೊಂದಿಕೊಳ್ಳಲು ಬಿಟ್ಟರೆ ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

ಡ್ರೈವರಿನ ಪ್ರಕರಣದಲ್ಲಿ ಒಂದು ವಿನೋದವೂ ಅಡಗಿದೆ: ಜಾಲಕ್ಕೆ ಸೇರಿಸುವ ಕಾರ್ಡಿನ ಡ್ರೈವರು ದೊರೆಯುವುದು ಜಾಲದಲ್ಲಿಯೇ. ಬೇರೊಂದು ಯಂತ್ರದಿಂದ ಪೆನ್‌ಡ್ರೈವಿನಲ್ಲಿ ತಂದರಾಯಿತೆನ್ನುವವನಿಗೆ, ವಿಂಡೋಸ್ 98 ಆ ಪೆನ್‌ಡ್ರೈವನ್ನು ಗುರುತಿಸಲಿಕ್ಕೂ ಪ್ರತ್ಯೇಕ ಡ್ರೈವರು ಕೇಳುತ್ತದೆಯೆಂಬುದು ಆಮೇಲೆ ತಿಳಿಯುತ್ತದೆ. ತೈವಾನಿನ ರಿಯಲ್‌ಟೆಕ್ ಸಂಸ್ಥೆಯ ಆರ್‌ಟಿಎಲ್8139 ಚಿಪ್ಪಿನ ಕಾರ್ಡು ಅಗ್ಗದ್ದೆಂದು ತಜ್ಞರ ಮೂದಲಿಕೆಗೆ ಪಾತ್ರವಾಗಿದ್ದರೂ, ವಿಂಡೋಸ್ ಎಕ್ಸ್‌ಪಿಯೂ ಲಿನಕ್ಸೂ ಅದನ್ನು ಕಂಡೊಡನೆ ಗುರುತಿಸುವುದರಿಂದ, ಹಳ್ಳಿಯ ಶಾಲೆಗೆ ಅದಕ್ಕಿಂತ ಒಳ್ಳೆಯದನ್ನು ನಾನು ಸೂಚಿಸಲಾರೆ. ಇದೆಲ್ಲವೂ ನೆಟ್ಟಗಾದ ಮೇಲೂ ಬ್ಯಾಂಕಿನ ತಾಣವೋ ಸರ್ಕಾರದ ತಾಣವೋ ಭದ್ರತೆಯ ಎಚ್ಚರಿಕೆ ಕೊಟ್ಟು ತೆರೆಯದೆ ಹೋದರೆ ಪರದೆಯ ಮೂಲೆಯ ದಿನಾಂಕವನ್ನು ನೋಡಬೇಕು. ಬೋರ್ಡಿನ ಬಟನ್ ಸೆಲ್ ಸತ್ತು ಯಂತ್ರವು ಎಷ್ಟೋ ವರ್ಷ ಹಿಂದಕ್ಕೆ ಜಾರಿದ್ದರೆ, ತಾಣದ ಪ್ರಮಾಣಪತ್ರವು ಇನ್ನೂ ಹುಟ್ಟಿಯೇ ಇಲ್ಲವೆಂದು ಅದು ಪ್ರಾಮಾಣಿಕವಾಗಿ ನಂಬಿರುತ್ತದೆ.

ಇಷ್ಟು ಹೇಳಿದ ಮೇಲೆ ಪ್ರತಿಪಕ್ಷದ ಮಾತಿಗೂ ಕಿವಿಗೊಡುವುದು ನ್ಯಾಯ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲವು 2014ರ ಏಪ್ರಿಲ್ 8ರಂದೇ ನಿಂತಿತು. ಅದನ್ನು ಹೊತ್ತ ಯಂತ್ರವನ್ನು ಇಂದು ನೇರವಾಗಿ ಇಂಟರ್‌ನೆಟ್ಟಿಗೆ ತೆರೆಯುವುದು ಅವಿವೇಕ, ಆ ದೋಷವನ್ನು ಯಾವ ಕಾರ್ಡೂ ಪರಿಹರಿಸದು. ಹಗುರವಾದ ಲಿನಕ್ಸನ್ನು ಹಾಕಬಹುದು; ಆದರೂ ಅರ್ಧ ಗಿಗಾಬೈಟು ರ‍್ಯಾಮಿನ ಯಂತ್ರದಲ್ಲಿ ಈಗಿನ ಸ್ಥೂಲಕಾಯದ ಜಾಲತಾಣಗಳು ಉಸಿರುಗಟ್ಟುತ್ತವೆ. ಆದರೆ ಶಾಲೆಯೊಳಗಿನ ಜಾಲದಲ್ಲಿ ಕಡತಗಳ ವಿನಿಮಯ, ಒಂದೇ ಪ್ರಿಂಟರನ್ನು ನಾಲ್ಕು ಯಂತ್ರಗಳು ಹಂಚಿಕೊಳ್ಳುವುದು, ಗ್ರಂಥಾಲಯದ ಪಟ್ಟಿ, ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬರೆದಿಟ್ಟ ದಾಖಲೆಗಳನ್ನು ತೆರೆದು ಹೊಸ ಯಂತ್ರಕ್ಕೆ ರವಾನಿಸುವುದು, ಇವುಗಳಿಗೆ ಅದು ಧಾರಾಳವಾಗಿ ಸಾಕು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಕೊನೆಗೊಂಡು, ವಿಂಡೋಸ್ 11 ವಿಧಿಸುವ ನಿಬಂಧನೆಗಳಿಗೆ ಹೊಂದದ ಎಷ್ಟೋ ಗಟ್ಟಿಮುಟ್ಟಾದ ಯಂತ್ರಗಳು ಗುಜರಿಯ ದಾರಿ ಹಿಡಿದಿರುವ ಈ ಹೊತ್ತಿನಲ್ಲಿ, ದುರಸ್ತಿಯ ಈ ಪ್ರಶ್ನೆಯು ಹವ್ಯಾಸಿಗಳ ಕುತೂಹಲವನ್ನು ಮೀರಿ ಸಾರ್ವಜನಿಕ ಹಣದ ಪ್ರಶ್ನೆಯಾಗಿದೆ.

ಫ್ರಾನ್ಸ್ ದೇಶವು 2021ರ ಜನವರಿಯಿಂದ ಲ್ಯಾಪ್‌ಟಾಪು ಮೊದಲಾದ ಪದಾರ್ಥಗಳ ಮೇಲೆ ದುರಸ್ತಿಯ ಸುಲಭತೆಯನ್ನು ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟು ನಮೂದಿಸುವುದನ್ನು ಕಡ್ಡಾಯ ಮಾಡಿತು. ನಮ್ಮ ದೇಶದಲ್ಲಿಯೂ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯದ ನಿಯಮಗಳು ತಯಾರಕರ ಹೊಣೆಯನ್ನು ಹೆಚ್ಚಿಸಿ, ಹಳೆಯ ಯಂತ್ರಗಳನ್ನು ಸರಿಪಡಿಸಿ ಮರುಬಳಕೆಗೆ ತರುವವರ ನೋಂದಣಿಗೆ ಅವಕಾಶ ಕಲ್ಪಿಸಿವೆ. ಆದರೆ ಯಂತ್ರವು ತ್ಯಾಜ್ಯವಾದ ಮೇಲಿನ ನಿಯಮಗಳಿಗಿಂತ ಕೊಳ್ಳುವ ದಿನದ ಒಂದು ಷರತ್ತು ಹೆಚ್ಚು ಫಲಕಾರಿಯಾದೀತು. ಶಾಲೆಗಳಿಗೂ ಕಚೇರಿಗಳಿಗೂ ಸಾವಿರಗಟ್ಟಲೆ ಯಂತ್ರಗಳನ್ನು ಕೊಳ್ಳುವ ಟೆಂಡರಿನಲ್ಲಿ ಪ್ರೊಸೆಸರು, ರ‍್ಯಾಮು, ಬೆಲೆಗಳ ಕಾಲಮ್ಮುಗಳ ಜೊತೆಗೆ ಖಾಲಿ ಸ್ಲಾಟುಗಳೆಷ್ಟು, ಪೆಟ್ಟಿಗೆಯನ್ನು ಸಾಧಾರಣ ಸ್ಕ್ರೂಡ್ರೈವರಿನಿಂದ ತೆರೆಯಬಹುದೇ, ತೆರೆದರೆ ವಾರಂಟಿ ಉಳಿಯುವುದೇ, ಡ್ರೈವರುಗಳನ್ನು ಪ್ರತ್ಯೇಕವಾಗಿ ಒದಗಿಸುವಿರಾ ಎಂಬ ನಾಲ್ಕು ಪ್ರಶ್ನೆಗಳನ್ನು ಸೇರಿಸಿದರೆ, ಅಂಟಿನಿಂದ ಮುಚ್ಚಿದ ಪೆಟ್ಟಿಗೆಗಳನ್ನು ಮಾರುವವರು ಉತ್ತರ ಬರೆಯಲು ಸ್ವಲ್ಪ ಹೊತ್ತು ಯೋಚಿಸಬೇಕಾಗುತ್ತದೆ.